ಗಲ್ಲೆಯ ಹಿಂದಿನ ದೊಡ್ಡಮನಸ್ಸು

ಇಂದು ಬೆಳಗ್ಗೆ ಚಿಂಚೋಳಿಯ ಬಸ್ ನಿಲ್ದಾಣದ ಬಳಿಯ ಹೋಟೆಲೊಂದರಲ್ಲಿ ಸುಸಲಾ ತಿನ್ನುತ್ತಿದ್ದಾಗ ಚಹಾ ತರುತ್ತಿದ್ದ ಸಪ್ಲಾಯರನ ಕೈಜಾರಿ ಗ್ಲಾಸುಗಳು ನೆಲಕ್ಕೆ ಬಿದ್ದು ಚೂರಾದವು. ಗಲ್ಲೆಯ ಮೇಲಿದ್ದ ಹಿರಿಯರು ಎದ್ದು ಬಂದು, "ಇರ್ಲಿ ಬಿಡೋ ತಮ್ಮಾ, ಮೊದಲ ಕಾಲ ನೋಡ್ಕೋ" ಎಂದಷ್ಟೇ ನುಡಿದು ತಾವೇ ಕಸಬರಿಗೆ ಹಿಡಿದರು.

ಆಗ ಸ್ಮರಣೆಗೆ ಬಂದವರು ಬೆಂಗಳೂರಿನ ಮಾವಳ್ಳಿ ಟಿಫಿನ್ ರೂಮಿನ ದಿವಂಗತ ಹರಿಶ್ಚಂದ್ರ ಮಯ್ಯರು. ಕರಾವಳಿಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಆ ಉಪಾಹಾರಗೃಹದ ಹೊಣೆ ಹರಿಶ್ಚಂದ್ರ ಮಯ್ಯರ ಹೆಗಲ ಮೇಲಿದ್ದ ಕಾಲದಲ್ಲಿ, 1975ರ ತುರ್ತುಪರಿಸ್ಥಿತಿ ಒದಗಿ, ತಿಂಡಿತಿನಿಸುಗಳನ್ನು ಸರಕಾರ ವಿಧಿಸಿದ ಅತ್ಯಲ್ಪ ದರಕ್ಕೆ ಮಾರಬೇಕಾಗಿ ಬಂದಾಗ, ಪದಾರ್ಥಗಳ ಗುಣದಲ್ಲಿ ರಾಜಿಯಾಗಲೊಲ್ಲದೆ ನಷ್ಟವನ್ನುಂಡು, ಕಡೆಗೆ ಹೋಟೆಲಿನ ಬಾಗಿಲನ್ನೇ ಅವರು ಮುಚ್ಚಬೇಕಾಯಿತು. ಆದರೆ ಆಶ್ರಯಿಸಿದ ಕೆಲಸಗಾರರು ಬೀದಿಪಾಲಾಗಕೂಡದೆಂದು, ಅದೇ ಅಡುಗೆಯ ಕೈಗಳಿಂದ ಚಟ್ನಿಪುಡಿ, ಸಾರಿನಪುಡಿಗಳನ್ನು ಮಾಡಿಸಿ ಪೊಟ್ಟಣ ಕಟ್ಟಿ ಮಾರತೊಡಗಿದರು. ಹಲವು ವರ್ಷಗಳ ಮೇಲೆ ಹೋಟೆಲೂ ಮತ್ತೆ ತೆರೆಯಿತು. ಆ ಪೊಟ್ಟಣಗಳಂತೂ ಇಂದು ದೇಶವಿದೇಶಗಳಲ್ಲಿ ದೊರೆಯುತ್ತವೆ.

ಆ ಮನೆಯ ರವೆ ಇಡ್ಲಿಯ ಕೀರ್ತಿಯನ್ನು ಎಲ್ಲರೂ ಹಾಡುವರು, ಹಾಡಲಿ. ನನಗೆ ಅದಕ್ಕಿಂತ ಹಿರಿದಾಗಿ ತೋರುವುದು ಈ ವಾತ್ಸಲ್ಯ. ರುಚಿಯನ್ನು ಕಲಿತು ಸಾಧಿಸಬಹುದು. ಸ್ವಂತ ಗಲ್ಲೆ ಬರಿದಾದ ದಿನವೂ ಪರರ ಅನ್ನದ ಚಿಂತೆ ಮಾಡುವ ಮನಸ್ಸು ಅಪರೂಪ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಗೆಳೆಯರೇ, ನಿಮ್ಮೂರಿನ ಹೋಟೆಲುಗಳಲ್ಲಿಯೂ ಅಂಥ ಮಾಲೀಕರು ಆಗಿಹೋಗಿದ್ದರೆ, ಅವರ ಕುರಿತು ಎರಡು ಮಾತು ಇಲ್ಲಿ ಬರೆಯಿರಿ.