ಅಪ್ಪನ ಕಿವಿ, ನಮ್ಮ ಹಾಲ್ ಮತ್ತು ಮೂರು ಚಂದ್ರಿಕೆ

ಹೊಸ ಮನೆಯ ಗೃಹಪ್ರವೇಶ ಆದ ಮೇಲೆ ಅಪ್ಪ ಹಾಲ್‌ನಲ್ಲಿ ಕೂರುವುದನ್ನೇ ಬಿಟ್ಟ. ಊಟ ಮಾಡಿ ಕೈ ತೊಳೆದವನು ಸೀದಾ ಜಗಲಿಗೆ ಹೋಗಿ ಕೂರುತ್ತಿದ್ದ. ಟಿವಿ ಬೇಡ, ರೇಡಿಯೊ ಬೇಡ, ನಮ್ಮ ಮಾತೂ ಬೇಡ.

ಶಿಡ್ಲಘಟ್ಟ ತಾಲ್ಲೂಕಿನ ನಮ್ಮ ಹಳೆಯ ಮನೆಗೆ ಮಣ್ಣಿನ ಗೋಡೆ, ಕಲ್ಲು ಚಪ್ಪಡಿಯ ಸೂರು. ಮನೆ ಅಂದರೆ ಅರ್ಧ ನಮ್ಮದು, ಇನ್ನರ್ಧ ಹುಳುವಿನದು. ಮೂಲೆಯಲ್ಲಿ ಗೋಣಿಚೀಲ, ಗೋಡೆಗೆ ಒರಗಿಸಿದ ಚಂದ್ರಿಕೆಗಳು, ಹಗ್ಗದ ಮೇಲೆ ಕಂಬಳಿ, ಸುತ್ತಿಟ್ಟ ಹಾಸಿಗೆ. ಹೊಸ ಮನೆಯ ಹಾಲ್ ಹಾಗಲ್ಲ. ಆರ್‌ಸಿಸಿ, ಮುಖ ಕಾಣುವಂಥ ಟೈಲ್ಸು, ಪುಟ್ಟಿ ಹೊಡೆದ ನುಣ್ಣನೆ ಗೋಡೆ, ಗಾಜಿನ ಶೋಕೇಸು. ನೋಡಿದವರೆಲ್ಲ ಚೆನ್ನಾಗಿದೆ ಅಂದರು. ನಾವೂ ಹಾಗೇ ಅಂದುಕೊಂಡಿದ್ದೆವು.

ಅಪ್ಪ ಇಪ್ಪತ್ತೆರಡು ವರ್ಷ ದೊಡ್ಡಬಳ್ಳಾಪುರದ ಮಗ್ಗಗಳಲ್ಲಿ ದುಡಿದವನು. ಪವರ್‌ಲೂಮ್ ಶೆಡ್‌ನಲ್ಲಿ ಸದ್ದು 90 ಡೆಸಿಬಲ್ ದಾಟುವುದು ಮಾಮೂಲು. ಅಂಥ ಸದ್ದು ಕಿವಿಯನ್ನು ಒಂದೇ ಸಲ ಮುಚ್ಚುವುದಿಲ್ಲ, ಮೊದಲು 4000 ಹರ್ಟ್ಸ್ ಆಸುಪಾಸಿನ ಸಣ್ಣ ದನಿಗಳನ್ನು ಕಿತ್ತುಕೊಳ್ಳುತ್ತದೆ. ಸ, ಶ, ತ, ಚ ಥರದ ವ್ಯಂಜನಗಳ ಗುರುತು ಇರುವುದು ಹೆಚ್ಚಾಗಿ ಅಂಥ ಮೇಲಿನ ದನಿಗಳಲ್ಲೇ. ಸ್ವರ ಉಳಿಯುತ್ತದೆ, ವ್ಯಂಜನ ಹೋಗುತ್ತದೆ. ಅಪ್ಪ ಇದನ್ನೇ ಎರಡು ಮಾತಲ್ಲಿ ಹೇಳುತ್ತಿದ್ದ: "ಸದ್ದು ಕೇಳ್ಸುತ್ತೆ ಕಣಮ್ಮ, ಮಾತು ಕೇಳ್ಸಲ್ಲ."

ಬೆಂಗಳೂರಿಗೆ ಕರೆದುಕೊಂಡು ಹೋಗಿ ಹಿಯರಿಂಗ್ ಏಡ್ ಕೊಡಿಸಿದೆವು. ಪರೀಕ್ಷೆ ಮಾಡುವ ಕೋಣೆಯಲ್ಲಿ ಅಪ್ಪ ಪಟಪಟ ಉತ್ತರ ಕೊಟ್ಟ. ಮನೆಗೆ ಬಂದರೆ ಮತ್ತೆ ಅದೇ. "ಅಲ್ಲಿ ಕೇಳ್ಸಿತ್ತಲ್ಲಪ್ಪ?" ಅಂದರೆ, "ಅಲ್ಲಿ ಕೇಳ್ಸಿತ್ತು" ಅನ್ನುತ್ತಿದ್ದ. ಎಷ್ಟು ಸರಿಯಾಗಿ ಹೇಳಿದ್ದ ಅನ್ನುವುದು ನನಗೆ ಹೊಳೆದದ್ದು ಆಮೇಲೆ.

ಅಕ್ಕನನ್ನು ನೋಡಲು ಚಿಂತಾಮಣಿ ಕಡೆಯಿಂದ ಬಂದಿದ್ದರು. ಹತ್ತು ಹನ್ನೆರಡು ಜನ, ಮಕ್ಕಳು, ಕಾಫಿ ಲೋಟದ ಸದ್ದು. ಗಂಡಿನ ದೊಡ್ಡಪ್ಪ, "ಒಂದು ಬೆಳೆಗೆ ಎಷ್ಟು ಮೊಟ್ಟೆ ಸಾಕ್ತೀರಿ?" ಅಂತ ಕೇಳಿದರು. ಅಪ್ಪ ನಗುತ್ತಾ, "ಬಿ.ಕಾಂ. ಮುಗಿಸವ್ಳೆ" ಅಂದ. ಒಬ್ಬಿಬ್ಬರು ನಕ್ಕರು. ಹೊರಡುವಾಗ ಯಾರೋ, "ಯಜಮಾನ್ರಿಗೆ ಸ್ವಲ್ಪ ಮರೆವೇನೋ" ಅಂದರು. ಅದು ಅಪ್ಪನಿಗೆ ಕೇಳಿಸಿಲ್ಲ ಅಂದುಕೊಂಡೆವು. ರಾತ್ರಿ ಹಿಯರಿಂಗ್ ಏಡ್ ತೆಗೆದು ಡಬ್ಬಿಗೆ ಹಾಕಿ, ಡಬ್ಬಿಯನ್ನು ಬೀರುವಿನಲ್ಲಿಟ್ಟ. ಮತ್ತೆ ತೆಗೆಯಲಿಲ್ಲ.

ಇದಾದ ಒಂದೆರಡು ತಿಂಗಳಿಗೆ ರೇಷ್ಮೆ ಸಾಕುವ ಹೆಂಗಸರ ಬಗ್ಗೆ ಒಂದು ಆಡಿಯೊ ವರದಿ ಮಾಡಲು ಅಮ್ಮನನ್ನೇ ಹಾಲ್‌ನಲ್ಲಿ ಕೂರಿಸಿ ಮೊಬೈಲ್‌ನಲ್ಲಿ ರೆಕಾರ್ಡ್ ಮಾಡಿದೆ. ಹೆಡ್‌ಫೋನ್ ಹಾಕಿ ಕೇಳಿದರೆ ಬಾವಿಯೊಳಗೆ ಕೂತು ಮಾತಾಡಿದ ಹಾಗಿತ್ತು. ನನ್ನ ಅಮ್ಮನ ಮಾತು ನನಗೇ ಅರ್ಥವಾಗುತ್ತಿಲ್ಲ! ಎದುರಿಗೆ ಕೂತಿದ್ದಾಗ ಎಲ್ಲ ಸರಿಯಾಗಿ ಕೇಳಿತ್ತಲ್ಲ? ಚೆನ್ನಾಗಿರುವ ಎರಡು ಕಿವಿಗಳು ಮೊದಲು ಬಂದ ದನಿಯನ್ನು ಹಿಡಿದು, ಹಿಂದೆಯೇ ಬರುವ ಮಾರ್ದನಿಯನ್ನು ಅಷ್ಟಿಷ್ಟು ಬದಿಗೆ ಸರಿಸುತ್ತವೆ. ಮೊಬೈಲಿಗೆ ಅದು ಗೊತ್ತಿಲ್ಲ. ಹಿಯರಿಂಗ್ ಏಡ್ ಕೂಡ ಮಾತಿನ ಜೊತೆ ಮಾರ್ದನಿಯನ್ನೂ ದೊಡ್ಡದು ಮಾಡಿ ಕಿವಿಗೆ ಸುರಿಯುತ್ತದೆ. ಅಪ್ಪ ಕೇಳುತ್ತಿದ್ದದ್ದು ಇದನ್ನೇ.

ಎದ್ದು ನಿಂತು ಒಂದು ಚಪ್ಪಾಳೆ ಹೊಡೆದೆ. ಎದುರುಬದುರು ಗೋಡೆಗಳ ನಡುವೆ ಅದು ಝಿರ್ರೆಂದು ಓಡಾಡಿ ಸತ್ತಿತು.

ಇದಕ್ಕೊಂದು ಹಳೆಯ ಲೆಕ್ಕವಿದೆ. 1895ರಲ್ಲಿ ಹಾರ್ವರ್ಡ್‌ನ ಹೊಸ ಉಪನ್ಯಾಸ ಸಭಾಂಗಣದಲ್ಲಿ ಮೇಷ್ಟರ ಪಾಠ ಯಾರಿಗೂ ತಿಳಿಯುತ್ತಿರಲಿಲ್ಲ. ಅದನ್ನು ಸರಿಮಾಡುವ ಕೆಲಸ ವಾಲೇಸ್ ಸಬೈನ್ ಎಂಬ ಯುವ ಭೌತಶಾಸ್ತ್ರ ಅಧ್ಯಾಪಕನ ಪಾಲಿಗೆ ಬಂತು. ಆತ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಸೀಟಿನ ಮೆತ್ತೆಗಳನ್ನು ಹೊರಿಸಿ ತಂದು ಹಾಕಿ, ಆರ್ಗನ್ ಕೊಳವೆ ಊದಿಸಿ, ದನಿ ಎಷ್ಟು ಹೊತ್ತಿಗೆ ಅಡಗುತ್ತದೆ ಅಂತ ಅಳೆದ. ಮೆತ್ತೆ ಹೆಚ್ಚಿದಷ್ಟೂ ಮಾರ್ದನಿ ಕಮ್ಮಿ. ಕೋಣೆಯ ಗಾತ್ರವನ್ನು ಘನ ಮೀಟರ್‌ನಲ್ಲಿ ತೆಗೆದುಕೊಂಡು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಮಾರ್ದನಿಯ ಕಾಲ ಸಿಗುತ್ತದೆ.

ನಮ್ಮ ಹಾಲ್ 14 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ಅಂದರೆ ಸುಮಾರು 48 ಘನ ಮೀಟರ್. ಟೈಲ್ಸು, ಗಾರೆ ಗೋಡೆಗಳು ತಮಗೆ ಬಡಿದ ದನಿಯಲ್ಲಿ ನೂರಕ್ಕೆ ಎರಡೋ ಮೂರೋ ಪಾಲು ಮಾತ್ರ ಹೀರಿ ಉಳಿದದ್ದನ್ನು ವಾಪಸ್ ಎಸೆಯುತ್ತವೆ. ಕೂತ ಜನ, ಬಟ್ಟೆಬರೆ ಎಲ್ಲ ಸೇರಿಸಿದರೂ ಮಾರ್ದನಿ ಎರಡು ಸೆಕೆಂಡ್‌ಗೆ ಹತ್ತಿರ ಬಂತು. ಅಷ್ಟರಲ್ಲಿ ಒಂದು ಅಕ್ಷರದ ದನಿ ಗೋಡೆಗೋಡೆಗೆ ಇನ್ನೂರಕ್ಕೂ ಹೆಚ್ಚು ಸಲ ಬಡಿದಿರುತ್ತದೆ, ಬಾಯಿಂದ ಮುಂದಿನ ಏಳೆಂಟು ಅಕ್ಷರ ಬಂದಿರುತ್ತವೆ. ಹಿಂದಿನ ಸ್ವರದ ಬಾಲ ಮುಂದಿನ ವ್ಯಂಜನವನ್ನು ನುಂಗುತ್ತದೆ. ಅಮೆರಿಕದಲ್ಲಿ ಸಾಮಾನ್ಯ ತರಗತಿ ಕೋಣೆಗೆ ಇಟ್ಟಿರುವ ಮಿತಿ 0.6 ಸೆಕೆಂಡ್.

ನಾವೋ, ಟಿವಿ ವಾಲ್ಯೂಮ್ ಏರಿಸುತ್ತಿದ್ದೆವು. ಓದುವಾಗ ಗೌರಿಬಿದನೂರಿನ ರೇಡಿಯೊ ದೂರದರ್ಶಕ ನೋಡಲು ಹೋಗಿದ್ದೆವು. 1970ರ ದಶಕದಲ್ಲಿ ಹೊಲಗಳ ನಡುವೆ ಇಂಗ್ಲಿಷ್ 'ಟಿ' ಅಕ್ಷರದ ಹಾಗೆ ಹಾಸಿದ ಸಾವಿರ ಆಂಟೆನಾಗಳು, ಒಂದು ತೋಳೇ 1.4 ಕಿಲೋಮೀಟರ್. ಅಲ್ಲಿ ಹಿಡಿಯುವುದು ರೇಡಿಯೊ ತರಂಗವನ್ನು, ಸದ್ದನ್ನಲ್ಲ. ಆದರೂ ಬೇಡದ್ದನ್ನು ದೂರವಿಡದೆ ಬರೀ ದೊಡ್ಡದು ಮಾಡಿದರೆ ಗಲಾಟೆಯೂ ಅಷ್ಟೇ ದೊಡ್ಡದಾಗುತ್ತದೆ ಅನ್ನುವ ಲೆಕ್ಕ ಅಲ್ಲಿಗೂ ನಮ್ಮ ಹಾಲ್‌ಗೂ ಒಂದೇ.

ಚಿಂತಾಮಣಿಯ ಗೆಳೆಯನೊಬ್ಬ ಯೂಟ್ಯೂಬ್ ಚಾನೆಲ್ ಮಾಡಿಕೊಂಡು ರೂಮಿನ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದಾನೆ. (ಇದು ಕೋಳಿ ಮೊಟ್ಟೆ.) "ನೂರು ಟ್ರೇ ಕಳಿಸ್ಲಾ?" ಅಂದ. ಬೇಡ ಅಂದೆ. ತೆಳ್ಳನೆ ರಟ್ಟು ಮೇಲಿನ ದನಿಯನ್ನು ಚೂರು ಹೀರುತ್ತದೆ, ಮಾತಿನ ದಪ್ಪ ಭಾಗಕ್ಕೆ ಅದು ಲೆಕ್ಕಕ್ಕೇ ಇಲ್ಲ. ಚಿಕ್ಕಬಳ್ಳಾಪುರದ ಅಂಗಡಿಯೊಂದರಲ್ಲಿ ತೋರಿಸಿದ ಥರ್ಮಾಕೋಲ್ ಅದಕ್ಕಿಂತ ದಂಡ. ಗಾಳಿ ಒಳಗೆ ನುಗ್ಗಿ ಸುಸ್ತಾಗುವಂಥ ವಸ್ತು ಬೇಕು: ಹತ್ತಿ, ಉಣ್ಣೆ, ಕಂಬಳಿ. ಅದೂ ದಪ್ಪವಾಗಿ.

ಆಗ ಕಣ್ಣಿಗೆ ಬಿದ್ದದ್ದು ಚಂದ್ರಿಕೆ. ಪ್ಲಾಸ್ಟಿಕ್ ನೇತ್ರಿಕೆ ಬಂದ ಮೇಲೆ ಬಿದಿರಿನ ಚಂದ್ರಿಕೆಗಳು ಹುಳುಮನೆಯ ಹಿಂದೆ ಧೂಳು ತಿನ್ನುತ್ತಿದ್ದವು. ಒಂದೊಂದೂ ಆರಡಿಗೆ ನಾಲ್ಕಡಿ. ಮೂರನ್ನು ತೊಳೆದು ಒಣಗಿಸಿದೆ. ಎರಡು ಹಳೆಯ ಹಾಸಿಗೆ ಬಿಚ್ಚಿ, ಹತ್ತಿ ಹಿಂಜಿಸಿ, ಮೂರು ಇಂಚು ದಪ್ಪಕ್ಕೆ ಹರಡಿ ಹಿಂದೆ ಗೋಣಿತಾಟು, ಮುಂದೆ ಅಮ್ಮನ ಹತ್ತಿ ಸೀರೆ ಹೊಲಿದೆ. ಪಾಲಿಯೆಸ್ಟರ್ ಸೀರೆ ಬೇಡ. ಬಾಯಿಟ್ಟು ಊದಿದರೆ ಉಸಿರು ಆಚೆ ಹೋಗಬೇಕು. ಗೋಡೆಗೆ ಅಂಟಿಸದೆ ಮೂರು ಇಂಚು ಬಿಟ್ಟು ನೇತುಹಾಕಿದೆ. ಹಿಂದೆ ಗಾಳಿ ಇದ್ದರೆ ಇನ್ನೂ ಸ್ವಲ್ಪ ದಪ್ಪ ದನಿಯೂ ಸಿಗುತ್ತದೆ.

ಜಾಗ ಹುಡುಕಿದ್ದು ಕನ್ನಡಿಯಿಂದ. ಅಪ್ಪನನ್ನು ಅವನ ಕುರ್ಚಿಯಲ್ಲಿ ಕೂರಿಸಿ, ತಮ್ಮ ಕನ್ನಡಿಯನ್ನು ಗೋಡೆಗುಂಟ ಸರಿಸುತ್ತಾ ಹೋದ. ಅಪ್ಪನಿಗೆ ಕನ್ನಡಿಯಲ್ಲಿ ಟಿವಿ ಕಂಡ ಕಡೆ ದನಿ ಬಡಿದು ನೇರ ಅಪ್ಪನತ್ತ ಬರುತ್ತದೆ. ಎರಡು ಪಕ್ಕದ ಗೋಡೆಗೆ ಒಂದೊಂದು, ಬೆನ್ನ ಹಿಂದೆ ಒಂದು. ನೆಲಕ್ಕೆ ಜಮಖಾನ, ಕಿಟಕಿಗೆ ದಪ್ಪ ಪರದೆ. ದೇವರ ದೀಪ, ಸ್ವಿಚ್‌ಬೋರ್ಡ್ ಎರಡರಿಂದಲೂ ದೂರ ಇಟ್ಟೆ. ಹತ್ತಿ, ಗೋಣಿ ಎರಡೂ ಬೆಂಕಿಗೆ ಬೇಗ ಒಲಿಯುವಂಥವು. ಇಲಿಯನ್ನು ಮಾತ್ರ ಮರೆತಿದ್ದೆ. ಹದಿನೈದೇ ದಿನಕ್ಕೆ ಬೆನ್ನ ಹಿಂದಿನದರಲ್ಲಿ ಮರಿ ಹಾಕಿತ್ತು. ಪೂರ್ತಿ ಬಿಚ್ಚಿ ಮತ್ತೆ ಹೊಲಿಯಬೇಕಾಯಿತು, ಅಮ್ಮನಿಂದ ಬೈಸಿಕೊಂಡದ್ದು ಬೇರೆ.

ಶುರು ಮಾಡುವ ಮೊದಲೇ ಅಪ್ಪನಿಗೆ ಏಡ್ ಹಾಕಿಸಿ, ಬೆನ್ನ ಹಿಂದೆ ನಿಂತು ಇಪ್ಪತ್ತು ಪದ ಹೇಳಿದ್ದೆ: ಸೊಪ್ಪು, ಉಪ್ಪು, ಕತ್ತಿ, ಬತ್ತಿ, ಹೀಗೆ. ಒಂಬತ್ತು ಸರಿ ಹೇಳಿದ್ದ. ಎಲ್ಲ ಮುಗಿದ ಮೇಲೆ ಬೇರೆ ಇಪ್ಪತ್ತು ಹೇಳಿದೆ. ಹದಿನೈದು ಸರಿ. ಲೆಕ್ಕದಲ್ಲಿ ಮಾರ್ದನಿ 0.7 ಸೆಕೆಂಡ್ ಆಸುಪಾಸಿಗೆ ಇಳಿದಿತ್ತು. ಚಪ್ಪಾಳೆ ಹೊಡೆದರೆ ಝಿರ್ರ್ ಇಲ್ಲ.

ಎಲ್ಲವೂ ಸರಿಯಾಗಿಲ್ಲ. ಟಿವಿಯ ಗುಡುಗು ಇನ್ನೂ ಮೂಲೆಯಲ್ಲಿ ನಿಲ್ಲುತ್ತದೆ. 100 ಹರ್ಟ್ಸ್‌ನ ಅಲೆಯೇ 3.4 ಮೀಟರ್ ಉದ್ದ, ಅದಕ್ಕೆ ಮೂರು ಇಂಚು ಹತ್ತಿ ಯಾವ ಲೆಕ್ಕ. ಪಕ್ಕದ ಮನೆಯ ನೂಲು ಬಿಚ್ಚುವ ಮೋಟಾರಿನ ಸದ್ದೂ ಹಾಗೇ ಒಳಗೆ ಬರುತ್ತದೆ. ಒಳಗಿನ ಮಾರ್ದನಿ ಹೀರುವುದು ಬೇರೆ, ಹೊರಗಿನ ಸದ್ದು ತಡೆಯುವುದು ಬೇರೆ. ಮೂರು ನಾಲ್ಕು ಜನ ಒಟ್ಟಿಗೆ ಮಾತಾಡಿದರೆ ಅಪ್ಪ ಈಗಲೂ ಸೋಲುತ್ತಾನೆ.

ಹೋದ ವಾರ ಊಟವಾದ ಮೇಲೆ ಅಪ್ಪ ಕುರ್ಚಿಯಲ್ಲೇ ಕೂತು ರೇಡಿಯೊ ಹಚ್ಚಿದ. ಪ್ರದೇಶ ಸಮಾಚಾರ ಬರುತ್ತಿತ್ತು. ನಾನೂ ಅಮ್ಮನೂ ಅಡುಗೆಮನೆಯಲ್ಲಿ ಗಂಡಿನ ಕಡೆಯವರ ವಿಷಯ ಪಿಸುಗುಟ್ಟುತ್ತಿದ್ದೆವು.

"ಮರೆವಂತೆ ಅಂದಿದ್ದು ಆ ದೊಡ್ಡಪ್ಪ ಅಲ್ಲ ಕಣಮ್ಮ, ಅವರ ಜೊತೆ ಬಂದಿದ್ದ ಕನ್ನಡಕದವ್ನು," ಅಂತ ಹಾಲ್‌ನಿಂದ ಕೂಗಿದ.

ಅಮ್ಮ ನನ್ನ ಮುಖ ನೋಡಿದಳು. ಆಮೇಲೆ ಮೆತ್ತಗೆ, "ಒಂದು ಚಂದ್ರಿಕೆ ತೆಗೆದುಬಿಡೇ, ಹಪ್ಪಳ ಒಣಗಿಸೋಕೆ ಬೇಕು" ಅಂದಳು.