ಅಮ್ಮಿಯ ಕೈಗಳು

ಗೋರಿಪಾಳ್ಯದ ನಮ್ಮ ಮನೆಯಿಂದ ಕಸ್ತೂರ್ಬಾ ರಸ್ತೆ ಅಂಥ ದೂರವೇನಲ್ಲ. ಬಸ್ಸು ಹತ್ತಿದರೆ ಮುಕ್ಕಾಲು ಗಂಟೆ. ಆದರೂ ಆ ರಸ್ತೆಯ ವೆಂಕಟಪ್ಪ ಚಿತ್ರಶಾಲೆಗೆ ನನ್ನ ತಾಯಿ ಮೊದಲ ಬಾರಿ ಹೋದದ್ದು 2017ರಲ್ಲಿ, ತಮ್ಮ 71ನೇ ವಯಸ್ಸಿನಲ್ಲಿ. ನಾನೂ ಅದಕ್ಕೆ ಮುಂಚೆ ಒಮ್ಮೆಯೂ ಹೋಗಿರಲಿಲ್ಲ ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ನನ್ನ ಮಗಳು ಆಗ ಚಿತ್ರಕಲೆ ಓದುತ್ತಿದ್ದಳು. ಆರು ಮಂದಿ ಸಹಪಾಠಿಗಳು ಸೇರಿ ಚಿತ್ರಶಾಲೆಯ ಮೇಲಿನ ಮಹಡಿಯ ಸಭಾಂಗಣವನ್ನು ಬಾಡಿಗೆಗೆ ಹಿಡಿದು ಪ್ರದರ್ಶನ ಇಟ್ಟಿದ್ದರು. ಆಮಂತ್ರಣ ಪತ್ರವನ್ನು ಅವಳು ದಾದಿಯ ಕೈಗೇ ಕೊಟ್ಟಳು. ಅಮ್ಮಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಬೇಟಿ, ಜೀವ ಇರುವವರ ಚಿತ್ರ ಬರೆದರೆ ನಾಳೆ ಅಲ್ಲಾಹನು ಅದಕ್ಕೆ ಜೀವ ತುಂಬು ಎಂದು ಕೇಳಿದಾಗ ಏನು ಹೇಳುತ್ತೀ?" ಎಂದರು. "ದಾದಿ, ನಾನು ಮುಖ ಬರೆದಿಲ್ಲ. ನೀವೇ ಬಂದು ನೋಡಿ" ಎಂದಳು ಮಗಳು.

ಜೀವಿಗಳ ಚಿತ್ರದ ವಿಷಯದಲ್ಲಿ ಉಲಮಾಗಳ ನಡುವೆ ಭಿನ್ನಾಭಿಪ್ರಾಯಗಳಿವೆ ಎಂಬುದು ಎಲ್ಲರಿಗೂ ತಿಳಿದದ್ದೇ. ಅಮ್ಮಿಯ ಅಳುಕು ಪ್ರಾಮಾಣಿಕವಾದದ್ದು. ನನ್ನದು ಹಾಗಿರಲಿಲ್ಲ. ಫೀಸು ಕಟ್ಟುತ್ತಿದ್ದವನು ನಾನೇ, ಆದರೆ ಬಂಧುಗಳು ಕೇಳಿದರೆ "ಮಗಳು ಏನೋ ಡಿಸೈನ್ ಕೋರ್ಸ್ ಮಾಡುತ್ತಿದ್ದಾಳೆ" ಎಂದು ಜಾರಿಕೊಳ್ಳುತ್ತಿದ್ದೆ. ನನ್ನ ಹೆದರಿಕೆ ದೇವರದ್ದಲ್ಲ, ಜನರದ್ದು.

ಭಾನುವಾರ ಮೂವರೂ ಹೊರಟೆವು. ಗೇಟಿನ ಬಳಿ ಅಮ್ಮಿ ಬುರ್ಖಾ ಸರಿಪಡಿಸಿಕೊಳ್ಳುತ್ತಾ ನಿಂತುಬಿಟ್ಟರು. "ನಮ್ಮಂಥವರನ್ನು ಒಳಗೆ ಬಿಡುತ್ತಾರಾ?" ಎಂದು ಕೇಳಿದರು. ಯಾರೂ ತಡೆಯಲಿಲ್ಲ, ಯಾರೂ ತಿರುಗಿ ನೋಡಲೂ ಇಲ್ಲ.

ಮೊದಲು ವೆಂಕಟಪ್ಪನವರ ಚಿತ್ರಗಳನ್ನು ನೋಡಿದೆವು. ಕೆ. ವೆಂಕಟಪ್ಪ (1886-1965) ಮೈಸೂರಿನ ಆಸ್ಥಾನಕ್ಕೆ ಚಿತ್ರ ಬರೆಯುತ್ತಿದ್ದ ಚಿತ್ರಗಾರರ ಮನೆತನದಲ್ಲಿ ಹುಟ್ಟಿದವರು. ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಟಾಗೋರರ ಬಳಿ ಕಲಿತರು. ಮದುವೆಯಾಗದೆ, ಚಿತ್ರ ಮತ್ತು ವೀಣೆಗೇ ಬದುಕನ್ನು ಮುಡಿಪಿಟ್ಟರು. ಅವರ ಗುರು ಅವನೀಂದ್ರನಾಥರು ಮೊಘಲ್ ಕಿರುಚಿತ್ರಗಳನ್ನು ಆಳವಾಗಿ ಅಭ್ಯಾಸ ಮಾಡಿದವರು. ಷಹಜಹಾನನ ಕೊನೆಯ ಗಳಿಗೆಯನ್ನು ಚಿತ್ರಿಸಿ ಹೆಸರಾದವರು. ಮೈಸೂರಿನ ಚಿತ್ರಗಾರರ ಹುಡುಗನ ಕುಂಚಕ್ಕೆ ಮೊಘಲ್ ಅರಮನೆಯ ಕುಸುರಿಯೂ ಹೀಗೆ ಬಂದು ಸೇರಿದೆ. ಕಲೆಯಲ್ಲಿ ನಮ್ಮದು, ಅವರದು ಎಂದು ಗೆರೆ ಎಳೆಯುವುದು ಎಷ್ಟು ಕಷ್ಟ!

ಅಮ್ಮಿ ಊಟಿಯ ಜಲವರ್ಣ ಚಿತ್ರವೊಂದರ ಮುಂದೆ ಬಹಳ ಹೊತ್ತು ನಿಂತರು. "ಇದು ಚೆನ್ನಾಗಿದೆ. ಬರೀ ಮಂಜು, ಬೆಟ್ಟ. ಇದನ್ನು ಬರೆದರೆ ಯಾವ ಮೌಲವಿಯೂ ಬೈಯುವುದಿಲ್ಲ" ಎಂದರು. ಮಗಳು ನಕ್ಕಳು.

ಮೇಲಿನ ಮಹಡಿಯಲ್ಲಿ ಅವಳ ಐದು ಚಿತ್ರಗಳಿದ್ದವು, ಎಲ್ಲವೂ ಇದ್ದಿಲಿನವು. ಐದರಲ್ಲೂ ಬರೀ ಕೈಗಳು: ಮರದ ಮಣೆಯ ಮೇಲೆ ಊದುಬತ್ತಿ ಹೊಸೆಯುತ್ತಿರುವ, ಉಗುರಿನ ಸಂದಿಗೂ ಕಪ್ಪು ಹತ್ತಿದ ಕೈಗಳು. ಅಬ್ಬಾ ತೀರಿಕೊಂಡ ಮೇಲೆ ಸಾವಿರ ಕಡ್ಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಹೊಸೆದು ನಮ್ಮನ್ನು ಸಾಕಿದ ಕೈಗಳು ಅವು. ಮದುವೆಮನೆಗೆ ಹೋಗುವಾಗ ಅಮ್ಮಿ ಆ ಕೈಗಳನ್ನು ಉಜ್ಜಿ ಉಜ್ಜಿ ತೊಳೆದು, ಆಮೇಲೂ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುತ್ತಿದ್ದುದು ನನಗೆ ಚೆನ್ನಾಗಿ ನೆನಪಿದೆ. ಈಗ ಪರಿಚಯವೇ ಇಲ್ಲದ ಜನ ಅವುಗಳ ಮುಂದೆ ಸುಮ್ಮನೆ ನಿಂತು ನೋಡುತ್ತಿದ್ದರು.

ಅಮ್ಮಿ ಅಳಲಿಲ್ಲ. ಹತ್ತಿರ ಹೋಗಿ ನೋಡಿ, "ಇದು ತಪ್ಪು. ಹೊಸೆಯುವಾಗ ಬೆರಳಿನ ಮೇಲೆ ಭಾರ ಹಾಕಿದರೆ ಹಿಟ್ಟು ಕಿತ್ತುಬರುತ್ತದೆ. ಭಾರವೆಲ್ಲ ಅಂಗೈ ಮೇಲಿರಬೇಕು" ಎಂದರು. ಪಕ್ಕದಲ್ಲಿದ್ದ ಸಹಪಾಠಿ ಹುಡುಗಿಯೊಬ್ಬಳು "ಹೇಗಮ್ಮಾ, ತೋರಿಸಿ" ಎಂದಳು. ಅಮ್ಮಿ ಬೆಂಚಿನ ಮೇಲೆ ಕುಳಿತು, ಆಮಂತ್ರಣ ಪತ್ರವನ್ನೇ ಸುರುಳಿ ಸುತ್ತಿ ಹೊಸೆದು ತೋರಿಸತೊಡಗಿದರು. ನಾಲ್ಕೈದು ಜನ ಸುತ್ತ ನಿಂತರು. ಒಬ್ಬ ಹಿರಿಯ ಕಲಾವಿದರು ದಿನಕ್ಕೆ ಎಷ್ಟು ಕಡ್ಡಿ, ಎಷ್ಟು ಕೂಲಿ ಎಂದೆಲ್ಲ ಕೇಳಿ ತಿಳಿದುಕೊಂಡರು. ಆ ಅರ್ಧ ಗಂಟೆ ಅಮ್ಮಿಯೇ ಅಲ್ಲಿ ಉಸ್ತಾದ್.

ಇಂಥದ್ದು ಅಲ್ಲಿ ನಡೆಯಲು ಕಾರಣವಿದೆ. 1975ರಲ್ಲಿ ಆರಂಭವಾದ ಆ ಚಿತ್ರಶಾಲೆ ಸರ್ಕಾರದ್ದು. ಸಣ್ಣ ಬಾಡಿಗೆಗೆ ಸಭಾಂಗಣ ಸಿಗುತ್ತಿದ್ದುದರಿಂದ ಹೆಸರಿಲ್ಲದ, ಹಣವಿಲ್ಲದ ಎಷ್ಟೋ ಮಂದಿಯ ಮೊದಲ ಪ್ರದರ್ಶನ ಅಲ್ಲಿಯೇ ನಡೆಯಿತು. ಅದರ ಹೊಣೆಯನ್ನು ಖಾಸಗಿ ಪ್ರತಿಷ್ಠಾನವೊಂದಕ್ಕೆ ಒಪ್ಪಿಸಲು ಸರ್ಕಾರ ಒಪ್ಪಂದ ಮಾಡಿಕೊಂಡಾಗ, 2016ರಲ್ಲಿ ಕಲಾವಿದರು ಅದರ ಅಂಗಳದಲ್ಲೇ ಸೇರಿ ಪ್ರತಿಭಟಿಸಿದರು. ಆ ಯೋಜನೆ ಮುಂದುವರಿಯಲಿಲ್ಲ. ಪತ್ರಿಕೆಯಲ್ಲಿ ಆ ಸುದ್ದಿ ಓದಿದಾಗ ಇದು ನಮಗೆ ಸಂಬಂಧಿಸಿದ್ದಲ್ಲ ಎಂದು ಪುಟ ತಿರುಗಿಸಿದ್ದೆ. ಅವರು ಉಳಿಸಿಕೊಂಡ ಗೋಡೆಯ ಮೇಲೆ ಮರುವರ್ಷ ನನ್ನ ತಾಯಿಯ ಕೈಗಳಿದ್ದವು.

ಬಸ್ಸಿನಲ್ಲಿ ಮಗಳು ದಾದಿಗೆ ಯೂಸುಫ್ ಅರಕ್ಕಲ್ ಅವರ ಕಥೆ ಹೇಳಿದಳು. ಕೇರಳದ ಚಾವಕ್ಕಾಡಿನಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ತಬ್ಬಲಿಯಾಗಿ, ಬೆಂಗಳೂರಿಗೆ ಓಡಿಬಂದು ದುಡಿಯುತ್ತಲೇ ಚಿತ್ರಕಲಾ ಪರಿಷತ್ತಿನಲ್ಲಿ ಕಲಿತವರು. ಬೀದಿಯ ಜನರ ಒಂಟಿತನವನ್ನು ಬರೆದವರು. 2016ರಲ್ಲಿ ತೀರಿಕೊಂಡರು. ಎಲ್ಲವನ್ನೂ ಕೇಳಿದ ಅಮ್ಮಿ, "ಅಲ್ಲಾಹ್ ಅವರಿಗೆ ಮಗ್‌ಫಿರತ್ ಕೊಡಲಿ" ಎಂದಷ್ಟೇ ಹೇಳಿ ಕಿಟಕಿಯ ಕಡೆ ತಿರುಗಿದರು.

ಅಮ್ಮಿ ಬದಲಾದರು ಎಂದು ನಾನು ಹೇಳಲಾರೆ. "ಮುಖ ಮಾತ್ರ ಬೇಡ" ಎಂಬ ಮಾತನ್ನು ಆಮೇಲೂ ಅವರು ಬಿಡಲಿಲ್ಲ. ಆದರೆ ಆ ವರ್ಷದ ಈದ್‌ಗೆ ಬಂದ ಬಂಧುವೊಬ್ಬರು ಮಗಳು ಏನು ಓದುತ್ತಿದ್ದಾಳೆ ಎಂದು ಕೇಳಿದಾಗ, ನಾನು ಬಾಯಿ ತೆರೆಯುವ ಮೊದಲೇ ಅಮ್ಮಿ ಹೇಳಿದರು: "ಚಿತ್ರ ಬರೆಯುತ್ತಾಳೆ. ನಾನು ಹೋಗಿ ನೋಡಿ ಬಂದಿದ್ದೇನೆ."

ನಮ್ಮ ಮೊಹಲ್ಲಾದ ಮಕ್ಕಳನ್ನು ನಾವು ಮೃಗಾಲಯಕ್ಕೆ, ಲಾಲ್‌ಬಾಗಿಗೆ ಕರೆದೊಯ್ಯುತ್ತೇವೆ. ಚಿತ್ರಶಾಲೆಗೆ ಏಕೆ ಕರೆದೊಯ್ಯುವುದಿಲ್ಲ? ಒಪ್ಪುವುದು, ಬಿಡುವುದು ಆಮೇಲಿನ ಮಾತು. ಅಮ್ಮಿಯ ಹಾಗೆ ಹೋಗಿ ನೋಡಿ, ತಪ್ಪು ಕಂಡರೆ ತಪ್ಪು ಎಂದಾದರೂ ಹೇಳಿ ಬರೋಣ.