ಹಳ್ಳ ಸೀಳಿದ ಹಳ್ಳಿ

ಜರ್ಮನಿಯ ಭೂಪಟದಲ್ಲಿ ಮೋಡ್ಲರಾಯ್ಟ್ ಎಂಬ ಹೆಸರನ್ನು ಹುಡುಕಿ ತೆಗೆಯಬೇಕಾದರೆ ತಾಳ್ಮೆ ಬೇಕು. ಬವೇರಿಯ, ತುರಿಂಜಿಯ, ಸ್ಯಾಕ್ಸನಿ ಎಂಬ ಮೂರು ಪ್ರಾಂತಗಳು ಒಂದನ್ನೊಂದು ಸಮೀಪಿಸುವ ಮೂಲೆಯಲ್ಲಿ, ಹೋಫ್ ಪಟ್ಟಣಕ್ಕೆ ಉತ್ತರದಲ್ಲಿ, ಏರಿಳಿತದ ಹೊಲಗಳ ನಡುವಣ ತಗ್ಗಿನಲ್ಲಿ ಈ ಊರು ಅಡಗಿ ಕುಳಿತಿದೆ. ಇಳಿಜಾರು ಮಾಡಿನ ಕೆಲವು ರೈತರ ಮನೆಗಳು, ಕೊಟ್ಟಿಗೆಗಳು, ಕಣಜಗಳು, ಒಂದು ಕೊಳ, ಸುತ್ತ ಹುಲ್ಲುಗಾವಲು, ಅದರಾಚೆಗೆ ಕಾಡು. ಜನಸಂಖ್ಯೆ ಐವತ್ತರ ಆಸುಪಾಸು. ಊರಿನಲ್ಲಿ ಇಗರ್ಜಿಯೂ ಇಲ್ಲ. ಇಲ್ಲಿನ ಚಳಿಗಾಲ ದೀರ್ಘವಾದುದು. ಹೋಫ್ ಸುತ್ತಲಿನ ಸೀಮೆಯನ್ನು ಬವೇರಿಯದವರೇ ‘ಬವೇರಿಯದ ಸೈಬೀರಿಯ’ ಎಂದು ಪರಿಹಾಸ್ಯ ಮಾಡುವುದುಂಟು. ‘ರಾಯ್ಟ್’ ಎಂದರೆ ಕಾಡು ಕಡಿದು ಹಸನುಮಾಡಿದ ನೆಲ. ಆ ನಾಡಿನಲ್ಲಿ ಹೀಗೆ ಕೊನೆಗೊಳ್ಳುವ ಊರ ಹೆಸರುಗಳು ಹಲವು.

ಊರಿನ ಮಧ್ಯದಲ್ಲಿ ಟಾನ್‌ಬಾಕ್ ಎಂಬ ಹಳ್ಳ ಹರಿಯುತ್ತದೆ. ದೊಡ್ಡವರು ಒಂದು ಹೆಜ್ಜೆ ಅಗಲಿಸಿ, ಮಕ್ಕಳು ಒಂದು ನೆಗೆತ ನೆಗೆದು ದಾಟಬಹುದಾದಷ್ಟು ಕಿರಿದಾದುದು. ಈ ಹಳ್ಳದ ದೆಸೆಯಿಂದಲೇ ಐವತ್ತು ಮಂದಿಯ ಊರು ಜಗತ್ಪ್ರಸಿದ್ಧವಾಯಿತೆಂದರೆ ಓದುಗರಿಗೆ ವಿಚಿತ್ರವೆನಿಸಬಹುದು.

ಕಥೆಯ ಮೂಲವಿರುವುದು ನೆಪೋಲಿಯನ್ನನ ಕಾಲದಲ್ಲಿ. ಬೈರಾಯ್ಟ್ ಸಂಸ್ಥಾನವು 1810ರಲ್ಲಿ ಬವೇರಿಯದ ಅರಸರಿಗೆ ಸೇರಿದಾಗ, ಆ ರಾಜ್ಯಕ್ಕೂ ನೆರೆಯ ಪುಟ್ಟ ರಾಯ್ಸ್ ಸಂಸ್ಥಾನಕ್ಕೂ ಟಾನ್‌ಬಾಕ್ ಹಳ್ಳವೇ ಮೇರೆಯೆಂದು ನಿಶ್ಚಯವಾಯಿತು. ದಂಡೆಯಲ್ಲಿ ಗಡಿಗಲ್ಲುಗಳನ್ನು ನೆಟ್ಟು, ಒಂದು ಮೈಯಲ್ಲಿ ಬವೇರಿಯ ರಾಜ್ಯದ, ಇನ್ನೊಂದು ಮೈಯಲ್ಲಿ ರಾಯ್ಸ್ ಸಂಸ್ಥಾನದ ಹೆಸರಿನ ಮೊದಲಕ್ಷರಗಳನ್ನು ಕೊರೆಯಿಸಿದರು. ಈ ರಾಯ್ಸ್ ವಂಶದವರದೊಂದು ಸ್ವಾರಸ್ಯವಿದೆ. ಮನೆತನದಲ್ಲಿ ಹುಟ್ಟಿದ ಗಂಡುಮಕ್ಕಳಿಗೆಲ್ಲ ‘ಹೈನ್‌ರಿಖ್’ ಎಂಬ ಒಂದೇ ಹೆಸರನ್ನಿಟ್ಟು, ಸಂಖ್ಯೆಯಿಂದ ಗುರುತಿಸುವುದು ಅವರ ಪದ್ಧತಿ. ಹೆಸರಿಡುವ ಶ್ರಮ ತಪ್ಪಿತಾದರೂ ಚರಿತ್ರೆಯ ವಿದ್ಯಾರ್ಥಿಗಳ ತಲೆನೋವು ಹೆಚ್ಚಿತೆನ್ನಬೇಕು.

ಗಡಿಯೇನೋ ಊರನ್ನು ಎರಡಾಗಿಸಿತು. ಆದರೆ ಬಾಳು ಎರಡಾಗಲಿಲ್ಲ. ಶಾಲೆಯೂ ಪಾನಗೃಹವೂ ಇದ್ದುದು ತುರಿಂಜಿಯದ ದಂಡೆಯಲ್ಲಿ. ಪ್ರಾರ್ಥನೆಗೆಂದು ಎರಡು ದಂಡೆಯವರೂ ಹೋಗುತ್ತಿದ್ದುದು ಬವೇರಿಯದ ಟೋಪೆನ್ ಗ್ರಾಮದ ಇಗರ್ಜಿಗೆ. ಈ ದಂಡೆಯವರ ಹೊಲ ಆ ದಂಡೆಯಲ್ಲಿ, ಆ ದಂಡೆಯ ಹೆಣ್ಣು ಈ ದಂಡೆಯ ಮನೆಯಲ್ಲಿ. 1918ರಲ್ಲಿ ಅರಸರು ಸಿಂಹಾಸನಗಳಿಂದಿಳಿದರು. 1920ರಲ್ಲಿ ರಾಯ್ಸ್ ಸೀಮೆ ತುರಿಂಜಿಯದಲ್ಲಿ ಲೀನವಾಯಿತು. ಹಳ್ಳವನ್ನು ದಾಟುವವರು ಇದಾವುದನ್ನೂ ಗಮನಿಸಬೇಕಾದ ಪ್ರಸಂಗ ಬರಲಿಲ್ಲ.

ಅನಾಹುತಕ್ಕೆ ಬೀಜ ಬಿದ್ದುದು ದೂರದ ಲಂಡನ್ನಿನಲ್ಲಿ. ಸೋಲಲಿರುವ ಜರ್ಮನಿಯನ್ನು ಹಂಚಿಕೊಳ್ಳುವ ಬಗೆಯನ್ನು ಮಿತ್ರರಾಷ್ಟ್ರಗಳ ಪ್ರತಿನಿಧಿಗಳು 1944ರಲ್ಲಿ ಅಲ್ಲಿ ಗೊತ್ತುಪಡಿಸಿದಾಗ ಹಳೆಯ ಪ್ರಾಂತಗಳ ಮೇರೆಗಳನ್ನೇ ಆಧಾರವಾಗಿ ಹಿಡಿದರು. ಬವೇರಿಯ ಅಮೆರಿಕದ ಪಾಲಾಯಿತು; ತುರಿಂಜಿಯ ಸೋವಿಯತ್ ರಷ್ಯದ ಪಾಲಾಯಿತು. ರಾಜರು ಯಾವಾಗಲೋ ಎಳೆದಿದ್ದ ಗೆರೆ ಈಗ ಎರಡು ಮಹಾಶಕ್ತಿಗಳ ನಡುವಣ ಗೆರೆಯಾಯಿತು. 1949ರಲ್ಲಿ ಎರಡು ಜರ್ಮನ್ ರಾಷ್ಟ್ರಗಳು ಸ್ಥಾಪನೆಯಾದಾಗ ಮೋಡ್ಲರಾಯ್ಟಿನ ಒಂದು ದಂಡೆ ಪಶ್ಚಿಮ ಜರ್ಮನಿಗೂ ಮತ್ತೊಂದು ಪೂರ್ವ ಜರ್ಮನಿಗೂ ಸೇರಿದವು. ಆಗಲೂ ಪರವಾನಗಿ ಚೀಟಿ ಹಿಡಿದು ಹಳ್ಳ ದಾಟುವುದು ಸಾಧ್ಯವಿತ್ತು.

1952ರ ಮೇ ತಿಂಗಳ ಕೊನೆಯಲ್ಲಿ ಅದೂ ನಿಂತಿತು. ಪೂರ್ವ ಜರ್ಮನಿಯ ಸರಕಾರವು ಗಡಿಯುದ್ದಕ್ಕೂ ಐದು ಕಿಲೋಮೀಟರಿನ ನಿಷಿದ್ಧ ವಲಯವನ್ನೂ, ಅದರೊಳಗೆ 500 ಮೀಟರಿನ ರಕ್ಷಣಾ ಪಟ್ಟಿಯನ್ನೂ, ಗೆರೆಗೆ ತಗುಲಿದಂತೆ ಉತ್ತು ಹಸನುಮಾಡಿದ 10 ಮೀಟರಿನ ಬರಿ ನೆಲವನ್ನೂ ಏರ್ಪಡಿಸಿತು. ಕಾಲಿಟ್ಟವನ ಹೆಜ್ಜೆ ಆ ಮಣ್ಣಿನಲ್ಲಿ ಮೂಡಲೆಂಬುದೇ ಉತ್ತದ್ದರ ಉದ್ದೇಶ. ಅನಂತರ ವಾರಗಳಲ್ಲಿ, ನಂಬಿಕೆಗೆ ಅರ್ಹರಲ್ಲವೆಂದು ತೋರಿದ ಕುಟುಂಬಗಳನ್ನು ಗಡಿಯ ಊರುಗಳಿಂದ ಎಬ್ಬಿಸಿ ಒಳನಾಡಿಗೆ ಸಾಗಿಸಲಾಯಿತು. ಎಲ್ಲ ಗಡಿ ಜಿಲ್ಲೆಗಳಿಂದ ಹೀಗೆ ಹೊರಟವರು ಎಂಟು ಸಾವಿರಕ್ಕೂ ಹೆಚ್ಚು. ಈ ಕಾರ್ಯಾಚರಣೆಗೆ ತುರಿಂಜಿಯದ ಅಧಿಕಾರಿಗಳು ಇಟ್ಟುಕೊಂಡಿದ್ದ ಗುಪ್ತನಾಮ ‘ಕ್ರಿಮಿಕೀಟ’ ಎಂಬರ್ಥದ ಮಾತು. ಮನುಷ್ಯರನ್ನು ಕುರಿತು ಆಡಿದ್ದೆಂಬುದನ್ನು ಮರೆಯದೆ ಅದನ್ನು ಓದಬೇಕು.

ಊರ ನಡುವೆ ಮೊದಲು ಎದ್ದುದು ಆಳೆತ್ತರದ ಹಲಗೆ ಬೇಲಿ. ತರುವಾಯ ಮುಳ್ಳುತಂತಿ ಬಂತು. 1966ರಲ್ಲಿ ಸುಮಾರು 700 ಮೀಟರು ಉದ್ದದ, 3.3 ಮೀಟರು ಎತ್ತರದ ಕಾಂಕ್ರೀಟು ಗೋಡೆ ನಿಂತಿತು. ಇರುಳೆಲ್ಲ ದೀಪದ ಬೆಳಕು, ಕಾವಲು ಗೋಪುರ, ನಾಯಿಗಳು. ಬರ್ಲಿನ್ ಮಹಾನಗರದಲ್ಲಿದ್ದಂತಹ ಗೋಡೆಯನ್ನು ಈ ಕೊಂಪೆಯಲ್ಲಿ ಕಂಡ ಅಮೆರಿಕದ ಸೈನಿಕರು ಊರಿಗೆ ‘ಪುಟ್ಟ ಬರ್ಲಿನ್’ ಎಂದೇ ಹೆಸರಿಟ್ಟರು. ಪಶ್ಚಿಮದ ದಂಡೆಗೆ ಪ್ರೇಕ್ಷಕರು ಬಂದು ಗೋಡೆಯನ್ನು ನೋಡಿ ಹೋಗತೊಡಗಿದರು. ಅಮೆರಿಕದ ಉಪಾಧ್ಯಕ್ಷರಾಗಿದ್ದ ಜಾರ್ಜ್ ಬುಷ್ ಅವರು 1983ರಲ್ಲಿ ಬಂದು ನೋಡಿದರು.

ನೋಡಲು ಬಂದವರಿಗೆ ಕಾಣದ ಸಂಕಟ ಬೇರೊಂದಿತ್ತು. ಪಶ್ಚಿಮದ ದಿಬ್ಬದ ಮೇಲೆ ನಿಂತರೆ ಗೋಡೆಯಾಚೆಯ ಅಂಗಳ ಕಾಣುತ್ತಿತ್ತು. ಅಂಗಳದಲ್ಲಿ ಓಡಾಡುವ ಬಂಧುಗಳೂ ಕಾಣುತ್ತಿದ್ದರು. ಈಚೆಯವರು ಕೈ ಬೀಸಬಹುದಿತ್ತು. ಆಚೆಯವರು ಮರಳಿ ಕೈ ಬೀಸುವಂತಿರಲಿಲ್ಲ, ಅದು ನಿಷಿದ್ಧ. ಮದುವೆಯೋ ಸಾವೋ ಆಚೆಯ ಮನೆಯಲ್ಲಿ ನಡೆದರೆ ಈಚೆಯ ಅಣ್ಣನೋ ಅತ್ತೆಯೋ ಹೋಗುವಂತಿರಲಿಲ್ಲ. ಆ ಮನೆ ನಿಷಿದ್ಧ ವಲಯದೊಳಗಿತ್ತು. ಪೂರ್ವ ಜರ್ಮನಿಯ ಬೇರೆ ಊರುಗಳಿಂದ ಬರುವ ನೆಂಟರಿಗೂ ಪರವಾನಗಿ ಬೇಕಾಗಿತ್ತು. ಕಾವಲಿನ ಕಣ್ಣು ತಪ್ಪಿಸಿ ಗೋಡೆಗೆ ಏಣಿ ಹಾಕಿ ಒಬ್ಬನು 1973ರ ಮೇ ತಿಂಗಳಲ್ಲಿ ಪಶ್ಚಿಮಕ್ಕೆ ಧುಮುಕಿದ. ಅಂತಹ ಧೈರ್ಯಕ್ಕೆ ಅಲ್ಲಿ ಮತ್ತೆ ಅವಕಾಶವಾಗಲಿಲ್ಲ.

1989ರ ನವೆಂಬರ್ 9ರಂದು ಬರ್ಲಿನ್ನಿನ ಗೋಡೆ ಬಾಯಿ ತೆರೆಯಿತು. ‘ಪುಟ್ಟ ಬರ್ಲಿನ್’ ಮಾತ್ರ ಇನ್ನೊಂದು ತಿಂಗಳು ಕಾಯಬೇಕಾಯಿತು. ಡಿಸೆಂಬರ್ 9ರಂದು ಗೋಡೆಯಲ್ಲಿ ಕಾಲುದಾರಿಯೊಂದನ್ನು ತೆರೆದರು. ಮೂವತ್ತೇಳು ವರ್ಷಗಳ ಮೇಲೆ ನೆರೆಹೊರೆಯವರು ಹಳ್ಳ ದಾಟಿ ಒಬ್ಬರನ್ನೊಬ್ಬರು ಕಂಡರು. ದಾಟಿ ಹೋದವರಲ್ಲಿ ತಲೆ ನರೆತವರಿದ್ದರು. ಆಚೆಯ ದಂಡೆಯನ್ನು ಹುಟ್ಟಿದ ಮೇಲೆ ಒಮ್ಮೆಯೂ ಮೆಟ್ಟದ ತರುಣರೂ ಇದ್ದರು. 1990ರ ಜೂನ್ 17ರಂದು ಯಂತ್ರ ತಂದು ಗೋಡೆಯನ್ನು ಉರುಳಿಸಿದರು. ಆದರೆ ಪೂರ್ತಿಯಾಗಿ ಅಲ್ಲ. ಸುಮಾರು ನೂರು ಮೀಟರಿನಷ್ಟನ್ನು, ಕಾವಲು ಗೋಪುರದೊಡನೆ, ಇದ್ದಂತೆಯೇ ಉಳಿಸಿ ಅಲ್ಲೊಂದು ವಸ್ತುಸಂಗ್ರಹಾಲಯವನ್ನು ಸ್ಥಾಪಿಸಿದರು. ವರ್ಷಕ್ಕೆ ಹತ್ತಾರು ಸಾವಿರ ಮಂದಿ ಅದನ್ನು ನೋಡಲು ಬರುತ್ತಾರೆ. ಊರವರ ಸಂಖ್ಯೆಗೆ ಇದು ಅತಿಯೆಂದೇ ಹೇಳಬೇಕು.

ಗೋಡೆ ಹೋಯಿತು, 1810ರ ಮೇರೆ ಹೋಗಲಿಲ್ಲ. ಇಂದಿಗೂ ಒಂದು ದಂಡೆ ಬವೇರಿಯದ ಟೋಪೆನ್ ಪಂಚಾಯಿತಿಗೆ, ಇನ್ನೊಂದು ತುರಿಂಜಿಯದ ಗೆಫೆಲ್ ಪುರಸಭೆಗೆ ಸೇರಿವೆ. ಊರಿಗೆ ಇಬ್ಬರು ಮೇಯರುಗಳು, ಎರಡು ಅಂಚೆ ಸಂಖ್ಯೆಗಳು, ಎರಡು ದೂರವಾಣಿ ಸಂಕೇತಗಳು. ಮೋಟಾರು ಗಾಡಿಗಳ ನೋಂದಣಿ ಅಕ್ಷರಗಳೂ ಬೇರೆ ಬೇರೆ. ನಮಸ್ಕಾರವೂ ಎರಡು ಬಗೆ: ಬವೇರಿಯದ ದಂಡೆಯವರು ದೇವರ ಹೆಸರೆತ್ತಿ ‘ಗ್ರ್ಯೂಸ್ ಗಾಟ್’ ಎನ್ನುತ್ತಾರೆ, ತುರಿಂಜಿಯದ ದಂಡೆಯವರು ‘ಗೂಟನ್ ಟಾಗ್’ ಎಂದು ಶುಭದಿನವನ್ನು ಕೋರುತ್ತಾರೆ. ನಡುವೆ ಟಾನ್‌ಬಾಕ್ ಹರಿಯುತ್ತಲೇ ಇದೆ. ಹಳೆಯ ಗಡಿಗಲ್ಲುಗಳ ಪಕ್ಕದಲ್ಲಿ ಅದನ್ನು ದಾಟುವವರನ್ನು ಈಗ ಯಾರೂ ಚೀಟಿ ಕೇಳುವುದಿಲ್ಲ.